ಲಿಂಬಿ ಗಿಡಕ್ಕ ಕೌದಿ ಹೊದಿಸಬ್ಯಾಡ್ರಿ: ಥಂಡಿ ಮತ್ತು ಹುಳಿ ಹಣ್ಣಿನ ಹಳೇ ಕಥಿ

ಎಳ್ಳ ಅಮಾಸಿ ಆಯ್ತು, ಚರಗ ಚೆಲ್ಲಿ ಬಂದಿವಿ. ಕೆಲವರದು ತೊಗರಿ ರಾಶಿ ಮುಗದದ, ಕೆಲವರದು ನಡದದ. ಇಂಥ ಹೊತ್ತಿನಾಗ ತೊಗರಿ ಬಿಟ್ಟು ಹಿತ್ತಲದ ಲಿಂಬಿ ಮಾತು ಯಾಕ ಅಂತ ಕೇಳಬಹುದು. ಕಾರಣ ಅದ. ಈ ಸಲ ಥಂಡಿ ಬಿದ್ದ ಮ್ಯಾಲ ನಮ್ಮ ಚಿತ್ತಾಪುರ ಭಾಗದಾಗ ಮೂರು ಮನಿ ಹಿತ್ತಲದಾಗ ಲಿಂಬಿ ಸಸಿಗೆ ಪ್ಲಾಸ್ಟಿಕ್ ಚೀಲ ಮುಚ್ಚಿ ದಾರ ಕಟ್ಟಿದ್ದು ನೋಡಿದೆ. ಒಂದು ಕಡಿ ಹಳೇ ಕೌದಿನೇ ಹೊದಿಸ್ಯಾರ. ಕೇಳಿದ್ರ, "ಫೋನಿನಾಗ ತೋರಿಸ್ಯಾರ್ರಿ, ಥಂಡಿಗೆ ಗಿಡ ಸಾಯ್ತದಂತ" ಅಂದ್ರು.

ಆ ವಿಡಿಯೋ ಸುಳ್ಳಲ್ಲ. ಆದ್ರ ಅದು ಬ್ಯಾರೆ ನಾಡಿನ ಮಾತು. ಆ ನಾಡಿನವರು ಅದನ್ನ ಎಂಥ ಹೊಡತ ತಿಂದು ಕಲಿತರು, ನಮ್ಮ ದಖ್ಖನದ ಮಂದಿ ಅದೇ ಗಿಡದಿಂದ ಬ್ಯಾರೆ ಏನು ಕಲಿತರು, ಎರಡೂ ಗೊತ್ತಾದ್ರ ಯಾವ ತಿಂಗಳದಾಗ ಏನು ಮಾಡಬೇಕು ಅನ್ನೋದು ತಾನೇ ತಿಳೀತದ. ಅದಕ್ಕ ಇವತ್ತು ಸ್ವಲ್ಪ ಉದ್ದ ಬರೀಲಿಕತ್ತೀನಿ. ಪುರಸತ್ತಿನಾಗ ಓದ್ರಿ.

ಮೊದಲು ನಮ್ಮ ಥಂಡಿ ಲೆಕ್ಕ ನೋಡೋಣ. ಚಿತ್ತಾಪುರ, ಸೇಡಂ, ಚಿಂಚೋಳಿ ಕಡಿ ಡಿಸೆಂಬರ್–ಜನವರಿ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು ಇರ್ತದ. ಶೀತಗಾಳಿ ಬೀಸಿದ ವರ್ಷ 10ರ ಕೆಳಗೂ ಇಳೀತದ. ನಮಗ ಹಲ್ಲು ಕಡೀತಾವ, ಗಿಡಕ್ಕ ಏನೂ ಆಗೂದಿಲ್ಲ. ಲಿಂಬಿ ಜಾತಿಗೆ ನಿಜವಾದ ಅಪಾಯ ಶುರುವಾಗೋದು ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿ ದಾಟಿದ ಮ್ಯಾಲ. ಎಲಿಯೊಳಗಿನ ನೀರು ಮಂಜುಗಡ್ಡೆ ಆಗಿ ಒಳಗಿನ ಕಣಗಳನ್ನ ಒಡೀತದ. ಬಿಸಿಲು ಬಿದ್ದ ಮ್ಯಾಲ ಎಲಿ ಬೇಯಿಸಿದಂಗ ಕಪ್ಪಾಗಿ ಜೋತು ಬೀಳ್ತಾವ. ನಮ್ಮ ಕಾಗ್ಜಿ ಲಿಂಬಿ ಈ ಜಾತಿಯೊಳಗೆ ಭಾಳ ನಾಜೂಕು. ಸೊನ್ನೆಗಿಂತ ಎರಡು ಡಿಗ್ರಿ ಕೆಳಗ ಹೋದ್ರ ಸಾಕು, ಟೊಂಗಿ ಸುಡ್ತಾವ. ಮೋಸಂಬಿ ಇನ್ನೊಂದೆರಡು ಡಿಗ್ರಿ ತಡೀತದ. ಜಪಾನಿನ ಸತ್ಸುಮಾ ಕಿತ್ತಳೆ ಇನ್ನೂ ಗಟ್ಟಿ. ಮೂರು ಎಲಿ ಕೂಡಿ ಬರುವ 'ಮೂರೆಲಿ ಕಿತ್ತಳೆ' ಅಂತ ಒಂದು ಮುಳ್ಳುಗಿಡ ಅದ, ಅದು ಎಲಿ ಉದುರಿಸಿ ಮಲಗಿದಾಗ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯನ್ನೂ ತಾಳ್ತದ. ಈ ಮೂರೆಲಿ ಗಿಡ ನೆನಪಿಟ್ಟುಕೊಳ್ಳಿ, ಮುಂದ ಬರ್ತದ.

ಲಿಂಬಿ ಜಾತಿಗೆ ಚಳಿ ಯಾಕ ಆಗಿ ಬರೂದಿಲ್ಲ ಅಂದ್ರ ಅದರ ತವರುಮನಿ ನೋಡಬೇಕು. 2018ರಲ್ಲಿ ವಿಜ್ಞಾನಿಗಳು ಹಲವು ಜಾತಿಯ ಕಿತ್ತಳೆ, ಲಿಂಬಿಗಳ ವಂಶವಾಹಿ ಹೋಲಿಸಿ ನೋಡಿದರು. ತಿಳಿದದ್ದು ಏನಂದ್ರ, ಈ ಇಡೀ ಕುಲದ ಮೂಲ ಹಿಮಾಲಯದ ಆಗ್ನೇಯ ತಪ್ಪಲು. ಅಂದ್ರ ನಮ್ಮ ಅಸ್ಸಾಂ, ಅದರ ಪಕ್ಕದ ಬರ್ಮಾ, ಚೀನಾದ ಯುನ್ನಾನ್ ಸೇರುವ ಜಾಗ. ಸುಮಾರು 80 ಲಕ್ಷ ವರ್ಷ ಹಿಂದಿನ ಮಾತು. ಮೇಲೆ ಹಿಮದ ಬೆಟ್ಟ ಇದ್ರೂ ಕೆಳಗಿನ ಕಣಿವೆಯೊಳಗೆ ಮಳಿ, ಬೆಚ್ಚನೆ ಗಾಳಿ. ಅಲ್ಲಿ ಬೆಳೆದ ಗಿಡಕ್ಕ ಎಲಿ ಉದುರಿಸಿ ಚಳಿಗಾಲ ಕಳೆಯೋ ರೂಢಿನೇ ಬರಲಿಲ್ಲ. ಬೇವು, ಹುಣಸಿ ನೋಡಿದ ನಮಗ ಇದು ವಿಶೇಷ ಅನ್ನಿಸೂದಿಲ್ಲ. ಆದ್ರ ಚಳಿ ನಾಡಿನಾಗ ವರ್ಷಪೂರ್ತಿ ಎಲಿ ಹೊತ್ತು ನಿಲ್ಲೋ ಹಣ್ಣಿನ ಗಿಡ ಅಂದ್ರ ವರ್ಷಪೂರ್ತಿ ಅಪಾಯ ಹೊತ್ತಂಗ.

ಅದೇ ಸಂಶೋಧನೆ ಇನ್ನೊಂದು ಮಾತು ಹೇಳ್ತದ. ನಾವು ತಿನ್ನೋ ಹುಳಿ ಹಣ್ಣುಗಳಲ್ಲಿ ಹೆಚ್ಚಿನವು ಮೂರು ಹಳೇ ಜಾತಿಯ ಬೆರಕೆ: ಮಾದಲ, ಚಕ್ಕೋತ, ಸಣ್ಣ ಕಿತ್ತಳೆ. ನಮ್ಮ ಕಾಗ್ಜಿ ಲಿಂಬಿ ಅಂದ್ರ ಮಾದಲ ಮತ್ತು ಒಂದು ಕಾಡು ಜಾತಿ ಸೇರಿ ಹುಟ್ಟಿದ ಕೂಸು. ಮಾದಲ ಗಿಡ ನಮ್ಮ ಕಡಿ ಈಗ ಅಪರೂಪ. ಆದ್ರ ಕೊಲ್ಲಾಪುರದ ಮಹಾಲಕ್ಷ್ಮಿ ದರ್ಶನಕ್ಕ ಹೋದವರು ದೇವಿ ಕೈಯಾಗಿನ ಹಣ್ಣು ನೋಡಿರಬೇಕು. ಅದು ಮಾತುಲುಂಗ, ಅಂದ್ರ ಮಾದಲ. ಸೋಮವಾರಕ್ಕೊಮ್ಮೆ ನಾವು ಗಾಡಿಗೆ ಕಟ್ಟೋ ಲಿಂಬಿಗೆ ಅದು ತಂದೆಕುಲ.

ಹೆಸರಿನ ದಾರಿನೂ ನೋಡ್ರಿ. ಸಂಸ್ಕೃತದ ನಾರಂಗ ಅನ್ನೋ ಪದಕ್ಕ ದ್ರಾವಿಡ ಮೂಲ ಇರಬೇಕು ಅಂತ ಭಾಷೆ ಬಲ್ಲವರು ಹೇಳ್ತಾರ. ಅದು ಪಾರಸಿಯೊಳಗೆ ನಾರಂಗ್ ಆಯ್ತು, ಅರಬ್ಬಿಯೊಳಗೆ ನಾರಂಜ್, ಸ್ಪೇನಿನಾಗ ನರಾಂಜಾ. ಇಂಗ್ಲಿಷಿಗೆ ಬರೋ ಹೊತ್ತಿಗೆ ಮೊದಲಿನ ನಕಾರ ಉದುರಿ ಆರೆಂಜ್ ಆಯ್ತು. ನಾವು ಈಗ ಆ ಉದುರಿದ ಹೆಸರನ್ನೇ ವಾಪಸ್ ತಂದು ಅಂಗಡ್ಯಾಗ 'ಆರೆಂಜ್' ಕೇಳ್ತೀವಿ. ಮೋಸಂಬಿ ಹೆಸರು ಆಫ್ರಿಕಾದ ಮೊಜಾಂಬಿಕಿನಿಂದ ಬಂದದ್ದು. ಗಡಿ ಆಚೆ ತೆಲಂಗಾಣದವರು ಅದೇ ಹಣ್ಣಿಗೆ 'ಬತ್ತಾಯಿ' ಅಂತಾರ, ಅದು ಬಟಾವಿಯಾ ಊರಿನ ಹೆಸರು. ತಾಂಡೂರ ಸಂತಿಗೆ ಹೋದ್ರ ಒಂದು ಹೆಸರು, ಕಲಬುರಗಿ ಮಾರ್ಕೆಟ್ಟಿಗೆ ಹೋದ್ರ ಇನ್ನೊಂದು, ಎರಡೂ ಹಡಗು ಹತ್ತಿ ಬಂದ ಹೆಸರುಗಳೇ.

ಹಿಂಗ ಗಿಡ ಪಶ್ಚಿಮಕ್ಕ ನಡೀತಾ ನಡೀತಾ ಚಳಿ ನಾಡು ಮುಟ್ಟಿತು. ಅಲ್ಲಿಂದ ಇದರ ಇತಿಹಾಸ ಅಂದ್ರ ಚಳಿಯಿಂದ ಗಿಡ ಬಚಾವು ಮಾಡಿದ ಇತಿಹಾಸ. ಬಾಬರನ ಉದಾಹರಣೆ ತಗೊಳ್ರಿ. ಅವನ ರಾಜ್ಯ ಕಾಬೂಲ್, ಚಳಿಗಾಲದಾಗ ಹಿಮ ಬೀಳೋ ಊರು. ಅವನು ಕಿತ್ತಳೆ ತೋಟ ಮಾಡಿದ್ದು ಅಲ್ಲಲ್ಲ. 1508–09ರ ಹೊತ್ತಿಗೆ ಕೆಳಗ ಜಲಾಲಾಬಾದ್ ಕಡಿ, ಬೆಚ್ಚನೆ ಸೀಮಿಯೊಳಗೆ 'ಬಾಗ್–ಎ–ವಫಾ' ಅನ್ನೋ ತೋಟ ಹಾಕಿಸಿದ. ಅಂದ್ರ ಗಿಡಕ್ಕ ಜಾಗ ಹುಡುಕಿದ. ಮುಂದ ಹಿಂದೂಸ್ಥಾನಕ್ಕ ಬಂದ ಮ್ಯಾಲ ಇಲ್ಲಿಯ ನಾರಂಜ್, ಲಿಂಬಿ, ಮಾದಲ, ಸಂತ್ರಾ ಎಲ್ಲದರ ಗುಣ ದೋಷ ತನ್ನ ಪುಸ್ತಕದಾಗ ಒಂದೊಂದಾಗಿ ಬರೆದಿಟ್ಟ.

ಯುರೋಪಿನ ರಾಜರು ಇನ್ನೊಂದು ದಾರಿ ಹಿಡಿದರು. ಗಿಡಕ್ಕೇ ಮನಿ ಕಟ್ಟಿಸಿದರು. ಫ್ರಾನ್ಸಿನ ವರ್ಸಾಯ್ ಅರಮನೆಯಾಗ 14ನೇ ಲೂಯಿ 1684ರಿಂದ 1686ರ ನಡುವೆ ದಪ್ಪ ಗೋಡಿಯ, ದಕ್ಷಿಣಕ್ಕ ಕಿಟಕಿ ಇಟ್ಟ ಒಂದು ದೊಡ್ಡ ಕಟ್ಟಡ ಕಟ್ಟಿಸಿದ. ಕಿತ್ತಳೆ ಗಿಡಗಳನ್ನ ಕಟ್ಟಿಗಿ ಪೆಟ್ಟಿಗಿಯೊಳಗೆ ಬೆಳೆಸೋದು, ಚಳಿ ಬರೋ ಮುಂಚೆ ಒಳಗ ಸಾಗಿಸೋದು, ಬ್ಯಾಸಗಿ ಮುಂದ ಹೊರಗ ತರೋದು. ನಮ್ಮಲ್ಲಿ ಆಕಳ ಎಮ್ಮಿ ಕೊಟ್ಟಿಗಿಗೆ ಕಟ್ಟಿದಂಗ. ಇಟಲಿಯ ಗಾರ್ದಾ ಸರೋವರದ ದಂಡಿ ರೈತರು ರಾಜರಲ್ಲ, ಆದ್ರ ಅವರೂ ಗುಡ್ಡದ ಮಗ್ಗುಲಿಗೆ ಕಲ್ಲುಕಂಬ ನಿಲ್ಲಿಸಿ, ಚಳಿಗಾಲ ಬಂತಂದ್ರ ಮ್ಯಾಲ ಹಲಗಿ, ಮುಂದ ಗಾಜು ಮುಚ್ಚಿ, ಭಾಳ ಥಂಡಿ ರಾತ್ರಿ ಒಳಗ ಬೆಂಕಿ ಹಾಕಿ ನಿಂಬೆ ಕಾಯ್ದರು. ನಿಮ್ಮ ಫೋನಿನಾಗ ಬಂದ ಕೌದಿ, ಬಲ್ಬು ಎಲ್ಲಾ ಈ ವಂಶದ ಕೂಸುಗಳು.

ಆದ್ರ ಎಲ್ಲಾ ಗಿಡಕ್ಕ ಮನಿ ಕಟ್ಟಲಿಕ್ಕಾಗ್ತದೇನು? ಅಮೆರಿಕದ ಫ್ಲೋರಿಡಾ ಹೊಡತ ತಿಂದದ್ದು ಅಲ್ಲೇ. 1894ರ ಸುಮಾರಿಗೆ ಅಲ್ಲಿ ವರ್ಷಕ್ಕ 50 ಲಕ್ಷ ಪೆಟ್ಟಿಗಿ ಮೀರಿ ಕಿತ್ತಳೆ ಬೆಳೀತಿತ್ತು. ಆ ವರ್ಷ ಡಿಸೆಂಬರ್ 29ರ ಸುಮಾರಿಗೆ ಹಿಮಗಾಳಿ ಬಂತು. ಹಣ್ಣು ಹೋದವು, ಎಲಿ ಸುಟ್ಟವು, ಆದ್ರ ಬಹಳಷ್ಟು ಗಿಡ ಉಳದವು. ಅಸಲಿ ಹೊಡತ ಮುಂದಿತ್ತು. ಜನವರಿ ಪೂರಾ ಬೆಚ್ಚಗಾಯ್ತು. ಗಿಡಗಳು ಚಳಿಗಾಲ ಮುಗೀತು ಅಂತ ತಿಳಿದು ರಸ ಏರಿಸಿ ಎಳೀ ಚಿಗುರು ಒಡದವು. ಆಗ 1895ರ ಫೆಬ್ರುವರಿ 7–8ಕ್ಕ ಎರಡನೇ ಹಿಮ ಬಿತ್ತು. ರಸ ತುಂಬಿದ ತೊಗಟಿ ಸೀಳಿ ಗಿಡಗಳು ಬುಡಮಟ್ಟ ಸತ್ತವು. ಮರುವರ್ಷದ ಬೆಳಿ ಲಕ್ಷದ ಲೆಕ್ಕಕ್ಕ ಇಳೀತು. ಎಷ್ಟೋ ಮಂದಿ ತೋಟ, ಮನಿ ಬಿಟ್ಟು ಹೋದರು. ಉಳದವರು ದಕ್ಷಿಣಕ್ಕ ಸರದರು. ಮರುವರ್ಷ, 1896ರಲ್ಲಿ, ರೈಲು ಹಳಿ ಮಯಾಮಿ ಮುಟ್ಟಿತು.

ಇದರಾಗ ನಮಗೂ ಒಂದು ಪಾಠ ಅದ. ಗಿಡ ಕೊಂದದ್ದು ಬರೇ ಥಂಡಿ ಅಲ್ಲ, ಥಂಡಿ ನಡುವೆ ಬಂದ ಬೆಚ್ಚನೆ ಭ್ರಮೆ. ನಿಧಾನವಾಗಿ ಥಂಡಿಗೆ ಒಗ್ಗಿ ಮಲಗಿದ ಗಿಡ ಗಟ್ಟಿ. ಚಿಗುರು ಒಡದ ಗಿಡ ಮೆದು. ನಮ್ಮಲ್ಲಿ ಹಿಮ ಇಲ್ಲ, ಆದ್ರ ಪ್ಲಾಸ್ಟಿಕ್ ಚೀಲ ಮುಚ್ಚಿದ್ರ ನಾವೇ ಆ ಭ್ರಮೆ ಹುಟ್ಟಿಸ್ತೀವಿ. ನಮ್ಮ ಡಿಸೆಂಬರ್ ಮಧ್ಯಾಹ್ನ 30 ಡಿಗ್ರಿ ತನಕ ಬಿಸಿಲು ಇರ್ತದ. ಚೀಲದ ಒಳಗ ಇನ್ನೂ ಕಾಯ್ತದ, ಬೆವರು ಕಟ್ತದ, ಎಳೀ ಚಿಗುರು ಬರ್ತದ, ಅದಕ್ಕ ರಂಗೋಲಿ ಹುಳ ಬೀಳ್ತದ. ಶಿವರಾತ್ರಿಗೆ ಚೀಲ ತೆಗದ್ರ ಬಿಸಿಲಿಗೆ ಆ ಮೆದು ಎಲಿ ಒಣಗ್ತಾವ.

ಫ್ಲೋರಿಡಾದ ಕಥಿ ಅಲ್ಲಿಗೇ ಮುಗೀಲಿಲ್ಲ. ಹಿಮದ ಹೊಡತ ತಿಂದ ಮ್ಯಾಲ ಸ್ವಿಂಗಲ್, ವೆಬ್ಬರ್ ಅನ್ನೋ ಅಲ್ಲಿಯ ಸರ್ಕಾರಿ ವಿಜ್ಞಾನಿಗಳು ಕಿತ್ತಳೆಗೆ ಆ ಮೂರೆಲಿ ಮುಳ್ಳುಗಿಡ ಬೆರಸಿ ಚಳಿ ತಾಳುವ ತಳಿ ಮಾಡಲಿಕ್ಕೆ ಹೋದರು. ಹಣ್ಣು ಬಾಯಿಗೆ ಹತ್ತಲಿಲ್ಲ, ಆದ್ರ ಅಂಥ ಬೆರಕೆಗಳು ಮುಂದ ಕಸಿಯ ಕೆಳಗಿನ ಬೇರಿಗೆ ಭಾಳ ಉಪಯೋಗ ಆದವು. ಚಳಿ ನಾಡಿನ ಹಿತ್ತಲದಾಗ ಇವತ್ತಿಗೂ ಕಿತ್ತಳೆ ಅಂದ್ರ ಮೂರೆಲಿ ಬೇರಿನ ಮ್ಯಾಲ ಕಟ್ಟಿದ ಸತ್ಸುಮಾ. ಈ ಮೂರೆಲಿ ಸಸಿಗಳನ್ನ ಜಪಾನಿನಿಂದ ಹಡಗಿನಾಗ ತರಿಸಿದರು. ಅವುಗಳ ಜೊತಿಗೆ 1910ರ ಹೊತ್ತಿಗೆ ಕಜ್ಜಿ ರೋಗ ಅಲ್ಲಿಗೆ ಇಳೀತು. ಲಕ್ಷಾಂತರ ಗಿಡ ಸುಟ್ಟು, ಇಪ್ಪತ್ತು ವರ್ಷ ಮೀರಿ ಹೆಣಗಾಡಿ, 1933ಕ್ಕ ಆ ಸುತ್ತಿನ ರೋಗ ನಿರ್ಮೂಲ ಮಾಡಿದರು. ಆ ಕಜ್ಜಿಯ ಅತಿ ಹಳೇ ಗುರುತು ಎಲ್ಲಿ ಸಿಕ್ಕದ ಗೊತ್ತೇನು? 1827ರಿಂದ 1831ರ ನಡುವೆ ನಮ್ಮ ದೇಶದ ಡೆಹ್ರಾಡೂನ್ ಕಡಿ ಕಿತ್ತು ಒಣಗಿಸಿಟ್ಟ ಮಾದಲದ ಎಲಿ ಮ್ಯಾಲ. ಮಳಿಗಾಲದಾಗ ನಮ್ಮ ಲಿಂಬಿ ಕಾಯಿ ಮ್ಯಾಲ ಕಂದು ಬಣ್ಣದ ಒರಟು ಚುಕ್ಕಿ ಏಳ್ತಾವಲ್ಲ, ಅದೇ ಇದು.

ಮೊನ್ನಿನ ಮಾತು ಹೇಳಬೇಕಂದ್ರ, ಹಿಮ ದಾಟಿ ದಕ್ಷಿಣಕ್ಕ ಹೋದ ಫ್ಲೋರಿಡಾ 2003–04ಕ್ಕ 24 ಕೋಟಿ ಪೆಟ್ಟಿಗಿ ಕಿತ್ತಳೆ ಬೆಳೀತಿತ್ತು. 2005ರಲ್ಲಿ ಅಲ್ಲಿ ಹಸಿರು ರೋಗ ಕಾಣಿಸಿತು. ಅದರ ಜೊತಿಗೆ ಬಿರುಗಾಳಿಗಳೂ ಹೊಡದವು. 2022–23ಕ್ಕ ಉಳಿದದ್ದು ಸುಮಾರು 1.6 ಕೋಟಿ ಪೆಟ್ಟಿಗಿ. ಹಿಮ ಕೊಲ್ಲಲಾರದ್ದನ್ನ ರೋಗ ಕೊಂದಿತು. ನಮ್ಮ ಕೊಡಗಿನ ಕಿತ್ತಳೆನೂ ಹಿಂಗ ಇಳೀತು ನೋಡ್ರಿ. ಅಲ್ಲಿ ಹಿಮದ ಕಾಟ ಇಲ್ಲ, ರೋಗಗಳೇ ಗಿಡ ಒಣಗಿಸಿದವು. ಜಿಐ ಮಾನ್ಯತೆ ಇದ್ರೂ ಹಣ್ಣು ಹುಡುಕಬೇಕಾದ ಸ್ಥಿತಿ ಬಂತು. ಅದಕ್ಕ ಸಸಿ ಎಲ್ಲಿಂದ ಬರ್ತದ ಅನ್ನೋದು ಥಂಡಿಗಿಂತ ದೊಡ್ಡ ಮಾತು.

ಇಲ್ಲಿ ಒಂದು ತಮಾಷೆ ಹೇಳ್ಬೇಕು. ಅಮೆರಿಕದವರು 'ಕೀ ಲೈಮ್' ಅಂತ ಹೆಮ್ಮೆಯಿಂದ ಹೇಳೋ ಹಣ್ಣು ಬ್ಯಾರೆ ಯಾವುದೂ ಅಲ್ಲ, ನಮ್ಮ ಕಾಗ್ಜಿ ಲಿಂಬಿ. ಅವರ ನಾಡಿನಾಗ ಹಿಮ ಮುಟ್ಟದ ತುದಿಯ ಸಣ್ಣ ನಡುಗಡ್ಡಿಗಳಲ್ಲಿ ಮಾತ್ರ ಅದು ಸರಿಯಾಗಿ ಬದುಕ್ತಿತ್ತು, ಅಲ್ಲಿಂದಲೇ ಆ ಹೆಸರು. 1926ರ ಬಿರುಗಾಳಿಗೆ ಆ ತೋಟಗಳೂ ಹಾಳಾದವು. ನಮ್ಮಲ್ಲಿ ಅದೇ ಗಿಡ ಬಚ್ಚಲ ನೀರು ಕುಡದು, ಆಡಿನ ಬಾಯಿಂದ ಉಳಕೊಂಡು, ಗ್ವಾಡಿ ಮಗ್ಗುಲಿಗೆ ತಾನೇ ಬೆಳೀತದ.

ಈಗ ನಮ್ಮ ಕಡಿ ಕಥಿಗೆ ಬರೋಣ. ದಖ್ಖನದ ರೈತ ಗಿಡಕ್ಕ ಮನಿ ಕಟ್ಟಲಿಲ್ಲ. ಅವನು ಕಲಿತದ್ದು ಬ್ಯಾರೆ ವಿದ್ಯೆ, ಅದರ ಹೆಸರು ಬಹಾರ. ಬಹಾರ ಅಂದ್ರ ಪಾರಸಿಯೊಳಗೆ ಹೂವಿನ ಕಾಲ, ವಸಂತ. ಹೆಸರುಗಳು ಮಾತ್ರ ನಮ್ಮ ರೈತರವು. ಮಾವು ಹೂ ಬಿಡೋ ಕಾಲಕ್ಕ, ಜನವರಿ–ಫೆಬ್ರುವರಿಗೆ ಹೂ ಬಂದ್ರ ಅಂಬೆ ಬಹಾರ. ಮಿರಗ ಮಳಿಗೆ ಬಂದ್ರ ಮಿರಗ ಬಹಾರ. ಹಸ್ತ ಮಳಿ ಹೊತ್ತಿಗೆ, ಸೆಪ್ಟೆಂಬರ್ ಕೊನಿ–ಅಕ್ಟೋಬರಿಗೆ ಬಂದ್ರ ಹಸ್ತ ಬಹಾರ. ಲಿಂಬಿಗೆ ಹೂವಿನಿಂದ ಹಣ್ಣಿಗೆ ಸುಮಾರು ಐದಾರು ತಿಂಗಳು. ಅಂಬೆ ಬಹಾರದ ಕಾಯಿ ಮಳಿಗಾಲಕ್ಕ, ಮಿರಗದ್ದು ಚಳಿಗಾಲಕ್ಕ, ಹಸ್ತದ್ದು ಮಾರ್ಚ್‌ನಿಂದ ಮೇ ತನಕ, ಉರಿ ಬ್ಯಾಸಗಿಗೆ.

ಇದರ ಒಳಗುಟ್ಟು ಏನಂದ್ರ, ಹುಳಿ ಹಣ್ಣಿನ ಗಿಡ ಸುಮ್ಮನೆ ಹೂ ಬಿಡೂದಿಲ್ಲ. ಮೊದಲು ಬೆಳವಣಿಗಿ ನಿಂತು ದಣಿವಾರಿಸಬೇಕು, ಆಮ್ಯಾಲ ಹೂ. ದಣಿವಾರಿಸಲಿಕ್ಕ ಎರಡು ದಾರಿ: ಥಂಡಿ, ಇಲ್ಲಾಂದ್ರ ಒಣ. ಚಳಿ ನಾಡಿನಾಗ ಥಂಡಿ ಪುಕ್ಕಟ್ಟೆ ಸಿಗ್ತದ, ಅದಕ್ಕ ಅಲ್ಲಿ ವರ್ಷಕ್ಕ ಒಂದೇ ಹೂ. ನಮ್ಮಲ್ಲಿ ಥಂಡಿ ಕಡಿಮಿ ಇದ್ದಲ್ಲಿ ರೈತ ನೀರು ಬಂದ್ ಮಾಡಿ ಅದೇ ಕೆಲಸ ಮಾಡಿಸಿದ. ಬುಡದ ಮಣ್ಣು ಸ್ವಲ್ಪ ಕೆದರಿ, ಸಣ್ಣ ಬೇರಿಗೆ ಗಾಳಿ ತೋರಿಸಿ, ಎಲಿ ಮುದುಡಿ ಹಳದಿಗೆ ತಿರುಗೋ ತನಕ ಕಾಯ್ದು, ಆಮ್ಯಾಲ ಗೊಬ್ಬರ ಕೊಟ್ಟು ನೀರು ಬಿಟ್ಟ. ಗಿಡ ಮೈತುಂಬ ಹೂ ಬಿಡ್ತು. ವಿಜ್ಞಾನಿಗಳು ಆಮ್ಯಾಲ ಪರೀಕ್ಷೆ ಮಾಡಿ ಥಂಡಿ, ಒಣ ಎರಡೂ ಹೂ ಹುಟ್ಟಿಸ್ತಾವ ಅಂತ ಒಪ್ಪಿಕೊಂಡರು. ರೈತನ ಕೈ ಅದನ್ನ ಮೊದಲೇ ಬಲ್ಲದು.

ಈ ಭಾಗದ ಹಣ್ಣಿನ ಇತಿಹಾಸದಾಗ ಹಿತ್ತಲಕ್ಕ ದೊಡ್ಡ ಜಾಗ ಅದ. ನಾಗಪುರ ಸಂತ್ರಾ ಅಂತ ಜಗತ್ತಿಗೆ ಹೆಸರಾದ ಹಣ್ಣು ಭೋಸಲೆ ಮನೆತನದ ರಘೂಜಿ ರಾಜ ಔರಂಗಾಬಾದಿನಿಂದ ತಂದು ತನ್ನ ಮನಿ ತೋಟದಾಗ ನೆಡಿಸಿದ್ದು ಅಂತ ಅಲ್ಲಿಯವರು ಹೇಳ್ತಾರ. ಆ ಔರಂಗಾಬಾದ್ 1948ರ ತನಕ ನಮ್ಮ ಹಂಗ ನಿಜಾಮನ ರಾಜ್ಯದಾಗೇ ಇತ್ತು. ಪಶ್ಚಿಮಕ್ಕ ಇಂಡಿ ಮುಂಬೈ ಪ್ರಾಂತ್ಯದಾಗ ಇತ್ತು. ಆ ಪ್ರಾಂತ್ಯದ ಹಣ್ಣಿನ ಪ್ರಯೋಗಗಳು ನಡೆದದ್ದು ಪುಣೆಯ ಗಣೇಶಖಿಂಡದಾಗ. ಇವತ್ತು ಇಂಡಿ ಲಿಂಬಿಗೆ ಜಿಐ ಗುರುತು ಸಿಕ್ಕದ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿನೂ ಅಲ್ಲೇ ಅದ. ನಮ್ಮ ತೊಗರಿಗೂ ಜಿಐ ಬಂದದ, ಆದ್ರ ಲಿಂಬಿ ನಮ್ಮಲ್ಲಿ ಹಿತ್ತಲ ದಾಟಿ ಹೊಲಕ್ಕ ಹೆಚ್ಚು ಬರಲಿಲ್ಲ.

ಹಿತ್ತಲದ ಗಿಡ ಆದ್ರೂ ಅದರ ಬೆಲಿ ಎಷ್ಟು ಅನ್ನೋದು 2022ರ ಏಪ್ರಿಲ್‌ದಾಗ ಎಲ್ಲರಿಗೂ ತಿಳೀತು. ಆಗ ಊರೂರಲ್ಲಿ ಒಂದು ಲಿಂಬಿಗೆ 10 ರೂಪಾಯಿ ಆಗಿತ್ತು ನೆನಪದ ಏನು? ಅಂಗಡಿಯವ ತಕ್ಕಡಿ ಬಿಟ್ಟು ಎಣಿಸಿ ಕೊಡ್ತಿದ್ದ. ಅದು ವ್ಯಾಪಾರಿಗಳ ಆಟ ಅಷ್ಟೇ ಅಂತ ಭಾಳ ಮಂದಿ ತಿಳಿದರು. ಅಸಲಿ ಕಾರಣ ಆರು ತಿಂಗಳ ಹಿಂದಿನದು. 2021ರ ಸೆಪ್ಟೆಂಬರ್–ಅಕ್ಟೋಬರದಾಗ ದಖ್ಖನದ ಲಿಂಬಿ ಸೀಮಿಯೊಳಗೆ ಮಳಿ ಹಿಡೀತು. ಗಿಡಕ್ಕ ಒಣ ಸಿಗಲಿಲ್ಲ, ಹಸ್ತ ಬಹಾರದ ಹೂ ಕೈಕೊಡ್ತು. ಆಮ್ಯಾಲ 2022ರ ಫೆಬ್ರುವರಿ ಕೊನಿಯಿಂದ ಬಿಸಿಲು ಬೇಗ ಏರಿತು, ಅಂಬೆ ಬಹಾರದ ಎಳೀ ಕಾಯಿ ಉದುರಿದವು. ಎರಡು ಬಹಾರ ಒಟ್ಟಿಗೆ ಹೋದವು, ಅದೇ ಹೊತ್ತಿಗೆ ಶರಬತ್ತಿನ ಬೇಡಿಕೆ ಬಂತು. ಥಂಡಿ ಇದರಾಗ ಎಲ್ಲೂ ಇಲ್ಲ ನೋಡ್ರಿ. ಒಣ ಬೇಕಾದಾಗ ಮಳಿ, ತಂಪು ಬೇಕಾದಾಗ ಉರಿ. ಫ್ಲೋರಿಡಾದವರಿಗೆ 1895ರ ಫೆಬ್ರುವರಿ ಹೆಂಗೋ, ನಮಗ ಏಪ್ರಿಲ್–ಮೇ ಹಂಗ.

ಈ ಇತಿಹಾಸ ಇಟ್ಟುಕೊಂಡು ನಮ್ಮ ಹಿತ್ತಲ ನೋಡೋಣ.

ಒಂದನೇದು, ನೀರು. ನಮ್ಮ ಮನಿ ಲಿಂಬಿಗೆ ಬಚ್ಚಲ ನೀರು ಹನ್ನೆರಡು ತಿಂಗಳು ಹರೀತದ. ಅದಕ್ಕ ಗಿಡ ಯಾವಾಗಲೂ ಹಸಿರು, ಯಾವಾಗಲೂ ನಾಲ್ಕು ಹೂ, ನಾಲ್ಕು ಕಾಯಿ. ದಣಿವಾರಿಸೋ ಹೊತ್ತೇ ಸಿಗೂದಿಲ್ಲ. ಹಣ್ಣು ಗುಂಪಾಗಿ ಬರೋದು ಮಳಿಗಾಲಕ್ಕ, ಆಗ ಕೇಳವರಿಲ್ಲ. ಬಚ್ಚಲ ಕಾಲುವಿಗೆ ಒಂದು ಅಡ್ಡಗಲ್ಲು ಇಟ್ಟು ಬೇಕಾದಾಗ ನೀರು ಬ್ಯಾರೆ ಕಡಿ ತಿರುಗಿಸೋ ಹಂಗ ಮಾಡ್ಕೊಳ್ರಿ. ಇದಕ್ಕ ಒಂದು ರೂಪಾಯಿ ಖರ್ಚಿಲ್ಲ. ಈ ಥಂಡಿಯೊಳಗೆ ಡಿಸೆಂಬರದಿಂದ ನೀರು ನಿಲ್ಲಿಸಿದ್ರ ಥಂಡಿ, ಒಣ ಎರಡೂ ಕೂಡಿ ಅಂಬೆ ಬಹಾರ ಚೊಲೋ ಬರ್ತದ. ಇದುವರೆಗೆ ನಿಲ್ಲಿಸದವರು ಈಗ ನಿಲ್ಲಿಸಿದ್ರೂ ನಡೀತದ. ಫರ್ಸಿ ಕಲ್ಲಿನ ಮ್ಯಾಲಿನ ತೆಳು ಮಣ್ಣಿದ್ರ ಎರಡು ಮೂರು ವಾರ ಸಾಕು. ಆಳದ ಎರಿ ಇದ್ರ ಒಂದೂವರೆ ಎರಡು ತಿಂಗಳು ಹಿಡೀತದ. ಎಲಿ ನೋಡಿ ನಿರ್ಧಾರ ಮಾಡ್ರಿ, ಕ್ಯಾಲೆಂಡರ್ ನೋಡಿ ಅಲ್ಲ. ನಾಲ್ಕು ವರ್ಷದ ಒಳಗಿನ ಸಸಿಗೆ, ಸೊರಗಿದ ಗಿಡಕ್ಕ ಈ ಉಪವಾಸ ಬ್ಯಾಡ.

ಎರಡನೇದು, ಬ್ಯಾಸಗಿ ಹಣ್ಣು ಬೇಕಂದ್ರ. ಅದಕ್ಕ ಹಸ್ತ ಬಹಾರ ಹಿಡೀಬೇಕು, ಆದ್ರ ನಮ್ಮಲ್ಲಿ ಸೆಪ್ಟೆಂಬರ್ ಅಂದ್ರ ಜೋರು ಮಳಿಯ ತಿಂಗಳು. ಜಪಾನಿನ ಕಿತ್ತಳೆ ರೈತರು ಹಣ್ಣು ಸಿಹಿ ಆಗಲಿ ಅಂತ ನೆಲದ ಮ್ಯಾಲ ಹಾಳಿ ಹಾಸಿ ಮಳಿ ನೀರು ಬೇರಿಗೆ ಇಳೀದಂಗ ಮಾಡ್ತಾರ. ಅದನ್ನ ಓದಿ ನಾನು ಎರಡು ವರ್ಷ ನನ್ನ ಒಂದು ಗಿಡದ ಬುಡಕ್ಕ ಆಗಸ್ಟ್ ನಡುವಿನಿಂದ ತಾಡಪತ್ರಿ ಹಾಸಿ, ಹೊರಗ ಇಳಿಜಾರು ಮಾಡಿ ನೋಡೀನಿ. ಮೊದಲನೇ ವರ್ಷ ಪಕ್ಕದ ಗಿಡಕ್ಕಿಂತ ಕಣ್ಣಿಗೆ ಕಾಣೋ ಹಂಗ ಹೆಚ್ಚು ಹೂ ಬಂತು, ಏಪ್ರಿಲಕ್ಕ ಮನಿಗೂ ಆಯ್ತು, ಓಣಿಗೂ ಕೊಟ್ಟಿವಿ. ಎರಡನೇ ವರ್ಷ ಮಳಿ ಬಿಡದೆ ಹಿಡೀತು, ಮಗ್ಗುಲಿಂದ ನೀರು ಸೋಸಿ ಎರಡೂ ಗಿಡ ಒಂದೇ ಆದವು. ಅಂದ್ರ ಫರ್ಸಿ ನೆಲದಾಗ, ಮಳಿ ನಡುವೆ ಬಿಡುವು ಕೊಟ್ಟ ವರ್ಷ ಇದು ನಡೀತದ. ಪ್ಲಾಸ್ಟಿಕ್ ಹಾಸಲೇಬೇಕಂದ್ರ ಆಗಸ್ಟದಾಗ ಬುಡಕ್ಕ ಹಾಸ್ರಿ, ಡಿಸೆಂಬರದಾಗ ತಲಿಗೆ ಬ್ಯಾಡ.

ಮೂರನೇದು, ಮಣ್ಣು ಮತ್ತು ಸಸಿ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಅಂದ್ರ ಫರ್ಸಿ ಮತ್ತು ಸಿಮೆಂಟ್. ಎರಡರ ತಾಯಿ ಒಂದೇ ಸುಣ್ಣದ ಕಲ್ಲು. ಸುಣ್ಣ ಹೆಚ್ಚಿದ ಮಣ್ಣಿನಾಗ ಕಬ್ಬಿಣ, ಸತುವು ಇದ್ರೂ ಬೇರಿಗೆ ಸಿಗೂದಿಲ್ಲ. ಎಳೀ ಎಲಿ ಹಳದಿ, ನರ ಮಾತ್ರ ಹಸಿರು ಕಂಡ್ರ ಅದು ಇದೇ. ಆಗ ಝಿಂಕ್, ಫೆರಸ್ ಸಲ್ಫೇಟನ್ನ ಮಣ್ಣಿಗೆ ಸುರಿದ್ರ ಸುಣ್ಣ ನುಂಗ್ತದ. ಎಲಿಗೆ ಸಿಂಪಡಿಸಬೇಕು, ಪ್ರಮಾಣ ಕೃಷಿ ವಿಜ್ಞಾನ ಕೇಂದ್ರದಾಗ ಕೇಳ್ರಿ. ಚಳಿ ನಾಡಿನ ಆ ಮೂರೆಲಿ ಬೇರು ಇಂಥ ಸುಣ್ಣದ ನೆಲಕ್ಕ ಎಲ್ಲಕ್ಕಿಂತ ಮೊದಲು ಸೋಲ್ತದ. ಅದಕ್ಕ 'ಹಿಮ ತಾಳುವ ಕಿತ್ತಳೆ' ಅಂತ ಆನ್‌ಲೈನಿನಾಗ ಸಾವಿರ ಕೊಟ್ಟು ತರಿಸೋ ಮುಂಚೆ ಎರಡು ಸಲ ವಿಚಾರ ಮಾಡ್ರಿ. ನಮಗ ಬ್ಯಾಡಾದ ಗುಣಕ್ಕ ರೊಕ್ಕ ಕೊಟ್ಟು, ನಮ್ಮ ಮಣ್ಣಿಗೆ ಆಗದ ಬೇರು ತಂದಂಗ ಆಗ್ತದ. ಮೋಸಂಬಿ, ಸಂತ್ರಾ ಕಸಿ ತಗೊಂಡ್ರ ಕೆಳಗಿನ ಬೇರು ಯಾವುದು ಅಂತ ಕೇಳ್ರಿ. ರಂಗಪುರ ಲಿಂಬೆ ಬೇರು ಸುಣ್ಣ, ಬರ ಎರಡನ್ನೂ ಹೆಚ್ಚು ತಾಳ್ತದ.

ಕಾಗ್ಜಿ ಲಿಂಬಿಗಂತೂ ಕಸಿಯ ಗರಜೇ ಇಲ್ಲ. ಅದರ ಒಂದೊಂದು ಬೀಜದಾಗ ಒಂದಕ್ಕಿಂತ ಹೆಚ್ಚು ಮೊಳಕಿ ಇರ್ತಾವ, ಅದರಾಗ ಹೆಚ್ಚಿನವು ತಾಯಿಯ ಪಡಿಯಚ್ಚು. ಗಿಡ ಸೊರಗಿಸೋ ಟ್ರಿಸ್ಟೆಜಾ ಅನ್ನೋ ರೋಗ ಕಸಿ ಕಡ್ಡಿಯಿಂದ, ಹೇನಿನಿಂದ ದಾಟ್ತದ, ಬೀಜದಿಂದ ದಾಟೂದಿಲ್ಲ. ಓಣ್ಯಾಗಿನ ಹಳೇ, ಕಜ್ಜಿ ಕಡಿಮಿ ಇರೋ, ರಸ ಹೆಚ್ಚಿರೋ ಗಿಡದ ಹಣ್ಣು ತಂದು, ಬೀಜ ಒಣಗಗೊಡದೆ ಎರಡು ಮೂರು ದಿನದಾಗ ಊರ್ರಿ. ಹಣ್ಣಿಗೆ ನಾಲ್ಕೈದು ವರ್ಷ ಕಾಯಬೇಕು, ಆದ್ರ ನಮ್ಮ ನೀರು, ನಮ್ಮ ಸುಣ್ಣ, ನಮ್ಮ ಬಿಸಿಲಿಗೆ ಪಾಸಾದ ಗಿಡದ ಮಗ ಅದು.

ನಾಲ್ಕನೇದು, ಕೊಯ್ಲು. ಲಿಂಬಿ ಹಳದಿ ಆಗೋದು ಹಣ್ಣಾಗಿದ್ದಕ್ಕ ಮಾತ್ರ ಅಲ್ಲ, ರಾತ್ರಿ ತಂಪಿಗೆ. ನಾಗಪುರ ಸಂತ್ರಾಕ್ಕ ಆ ಬಣ್ಣ ಬರೋದೂ ನವೆಂಬರ್–ಡಿಸೆಂಬರ್ ರಾತ್ರಿಯ ಪುಣ್ಯ. ಅದಕ್ಕ ಈಗ ಚಳಿಗಾಲದಾಗ ಬಣ್ಣ ನೋಡಿ ಹರೀರಿ. ಬ್ಯಾಸಗಿಯೊಳಗೆ ಬಣ್ಣಕ್ಕ ಕಾಯಬ್ಯಾಡ್ರಿ, ಸಿಪ್ಪಿ ನುಣುಪಾಗಿ ತೆಳ್ಳಗಾಗಿ, ಒತ್ತಿದ್ರ ಮೆತ್ತಗನಿಸಿದ್ರ ಹಸಿರಿದ್ರೂ ರಸ ತುಂಬಿರ್ತದ. ಜಗ್ಗಿ ಕೀಳದೆ ತೊಟ್ಟು ಕತ್ತರಿಸಿದ್ರ ನಾಲ್ಕು ದಿನ ಹೆಚ್ಚು ಉಳೀತದ.

ಕೊನೇದು, ಗಿಡಕ್ಕ ಮುಚ್ಚಿಗಿ ಬೇಕೇ ಬೇಕು ಅನ್ನೋರಿಗೆ. ಬೇಕು, ಆದ್ರ ಮಾರ್ಚ್ ಕೊನಿಯಿಂದ. ಸಣ್ಣ ಸಸಿಗೆ ಪಡುವಣ ಕಡಿ ಜ್ವಾಳದ ಕಣಕಿ ಇಲ್ಲಾ ತೊಗರಿ ಕಟ್ಟಿಗಿಯ ತಟ್ಟಿ ನಿಲ್ಲಿಸ್ರಿ, ಮಧ್ಯಾಹ್ನದ 42–43 ಡಿಗ್ರಿ ಬಿಸಿಲು ತಡೀತದ. ಕಾಂಡಕ್ಕ ಸುಣ್ಣ ಬಳೀರಿ, ತೊಗಟಿ ಸೀಳೂದಿಲ್ಲ. ಬುಡಕ್ಕ ತೊಗರಿ ಹೊಟ್ಟು ನಾಲ್ಕು ಬೆರಳು ದಪ್ಪ ಹಾಕ್ರಿ, ಕಾಂಡಕ್ಕ ತಾಗದಂಗ. ಈಗ ರಾಶಿ ನಡದಾಗಲೇ ಎರಡು ಚೀಲ ಹೊಟ್ಟು ಲಿಂಬಿ ಹೆಸರಿಗೆ ಎತ್ತಿಡ್ರಿ, ಆಮ್ಯಾಲ ಸಿಗೂದಿಲ್ಲ.

ಚೀಲ, ಕೌದಿ ಕಟ್ಟಿದವರು ಇವತ್ತೇ ಬಿಚ್ರಿ, ಆದ್ರ ಸಂಜಿ ಮುಂದ ಬಿಚ್ರಿ. ಒಮ್ಮೆಲೆ ಮಧ್ಯಾಹ್ನದ ಬಿಸಿಲು ತಾಗಬಾರದು. ನಿಮ್ಮ ಊರಾಗ ಎಲ್ಲಕ್ಕಿಂತ ಹಳೇ ಲಿಂಬಿ ಗಿಡ ಯಾರ ಹಿತ್ತಲದಾಗ ಅದ, ಎಷ್ಟು ವರ್ಷದ್ದು, ಯಾವ ತಿಂಗಳದಾಗ ಹೆಚ್ಚು ಕಾಯ್ತದ, ಕೆಳಗ ಫರ್ಸಿನೋ ಎರಿನೋ, ಬರದು ತಿಳಿಸ್ರಿ. ಬ್ಯಾಸಗಿಯೊಳಗೂ ಕಾಯೋ ಗಿಡ ಯಾವುದಾದ್ರೂ ಇದ್ರ ಬೀಜಕ್ಕ ನಾನೇ ಬರ್ತೀನಿ.